ಅತ್ಯಂತ ತೃಪ್ತ ಕೇಳುಗ

"ಕಿವಿ ಎರಡೂ ಚಲೋ ಅದಾವಂತ. ಅದೇ ಕೆಟ್ಟ ಸುದ್ದಿ."

ಚಪ್ಪಲಿ ಬಿಡುವ ಮೊದಲೇ ಚಂಬಣ್ಣ ಹೀಗಂದ. ಕಿವಿ ಡಾಕ್ಟರ ಹತ್ತಿರ ಹೋದವನು ನೆಟ್ಟಗೆ ನನ್ನ ಮನೆಗೆ ಬಂದಿದ್ದ. ನಾನು ಆಗಷ್ಟೇ ನನ್ನ ವಾಲ್ವ್ ಆಂಪ್ಲಿಫೈಯರ್ ಹಚ್ಚಿ ಕೂತಿದ್ದೆ. ಹಳೇ ರೇಡಿಯೋದಲ್ಲಿರುವಂಥ ಗಾಜಿನ ವಾಲ್ವುಗಳು ಇನ್ನೂ ಬಿಸಿಯಾಗುತ್ತಿದ್ದವು, ಹಾಡು ಶುರುವಾಗಿರಲಿಲ್ಲ. ಅವುಗಳ ಕೆಂಪು ಕಂಡದ್ದೇ ತಡ, ಅವನು ಹೊಸ್ತಿಲಲ್ಲೇ ನಿಂತುಬಿಟ್ಟ.

"ಮೊದಲ ಅದನ್ನ ಬಂದ್ ಮಾಡು. ಆಮ್ಯಾಲೆ ಒಳಗ ಬರ್ತೇನಿ."

"ಯಾಕಲೇ, ನನ್ನ ವಾಲ್ವಿನ ಮ್ಯಾಲೆ ಇನ್ನೂ ಸಿಟ್ಟು ಇಳದಿಲ್ಲೇನು?"

"ಸಿಟ್ಟಲ್ಲೋ ಮುರಿಗ್ಯಾ. ಅಂಜಿಕಿ."

ಬಂದ್ ಮಾಡಿದೆ. ಅವನು ಬಂದು ಕೂತ.

ನಮ್ಮಿಬ್ಬರ ವಿಷಯ ಸ್ವಲ್ಪ ಹೇಳಬೇಕು. ಹುಬ್ಬಳ್ಳಿಯಲ್ಲಿ ಒಂದೇ ಓಣಿ, ಒಂದೇ ಶಾಲೆ, ಒಂದೇ ಹುಚ್ಚು. ಹಾಡಿನ ಹುಚ್ಚು ಅಂದರೆ ಪೂರ್ತಿ ಹೇಳಿದಂತಾಗುವುದಿಲ್ಲ. ಹಾಡು ಮನೆಯೊಳಗೆ ಹೇಗೆ ಕೇಳಿಸಬೇಕು ಅನ್ನುವ ಹುಚ್ಚು. ನಾನು ಪುಸ್ತಕ ನೋಡಿ, ಕೈ ಸುಟ್ಟುಕೊಂಡು, ವಾಲ್ವ್ ಆಂಪ್ಲಿಫೈಯರ್ ಕಟ್ಟುವುದನ್ನು ಕಲಿತವನು. ಅದರ ದನಿ ನನಗೆ ಚಳಿಯಲ್ಲಿ ಹೊದ್ದ ಕೌದಿಯಂತೆ. ಚಂಬಣ್ಣನಿಗೆ ಅದು ಸೇರುತ್ತಿರಲಿಲ್ಲ. "ನಿನ್ನ ವಾಲ್ವು ಸುಳ್ಳು ಹೇಳ್ತಾವ. ಹಾಡಿದವ ಹೆಂಗ ಹಾಡ್ಯಾನ ಹಂಗ ಕೇಳಬೇಕು ನನಗ" ಎನ್ನುತ್ತಿದ್ದ. ವಾಲ್ವುಗಳು ಸುಳ್ಳು ಹೇಳುವುದು ನಿಜ. ಪ್ರತಿ ಸ್ವರಕ್ಕೂ ಅದರ ಇಮ್ಮಡಿ ಕಂಪನದ ಸ್ವರವನ್ನು ತೆಳುವಾಗಿ ಸವರಿ ಕೊಡುತ್ತವೆ, ಅದಕ್ಕೇ ದನಿ ತುಂಬಿಕೊಂಡಂತೆ ಕೇಳಿಸುತ್ತದೆ. ಆದರೆ ಸ್ನೇಹಿತನ ಬಾಯಿಂದ ಅದನ್ನು ಕೇಳಿಸಿಕೊಳ್ಳುವುದು ಬೇರೆ ಮಾತು. ಕಳೆದ ವರ್ಷ, ಇದಾದರೂ ಸುಳ್ಳು ಹೇಳದು ಎಂದು ನಂಬಿ ಅವನು 'ರಸಿಕ' ತಂದಾಗ ಇದೇ ಜಗಳ ದೊಡ್ಡದಾಗಿ, ಒಬ್ಬರ ಮನೆಗೊಬ್ಬರು ಹೋಗುವುದೇ ನಿಂತಿತ್ತು.

ರಸಿಕ ಈಗ ಎಲ್ಲರ ಮನೆಯಲ್ಲೂ ಇದೆ. ಮೈಸೂರಿನ ಒಂದು ಕಂಪನಿ ಮಾಡಿದ ಬುದ್ಧಿವಂತ ಆಂಪ್ಲಿಫೈಯರ್. ಅದಕ್ಕೆ ತಿರುವುವ ಗುಂಡಿಗಳೇ ಇಲ್ಲ. ಮುಂಭಾಗದಲ್ಲಿ ಒಂದು ಸಣ್ಣ ಮೈಕು, ಅದರ ಪಕ್ಕ ಉಗುರಿನಷ್ಟು ರೇಡಾರು. ಕೂತವರ ಉಸಿರು, ತಲೆ ಕೈಗಳ ಚಲನೆ, ಬಾಯಿಂದ ಬರುವ ಉದ್ಗಾರ, ಎಲ್ಲವನ್ನೂ ಅದು ಗಮನಿಸುತ್ತದೆ. ಹಾಡನ್ನು ಎಳೆ ಎಳೆಯಾಗಿ ಬಿಡಿಸುತ್ತದೆ: ಗಂಟಲು ಬೇರೆ, ತಬಲಾ ಬೇರೆ, ತಂಬೂರಿ ಬೇರೆ. ನಿಮಗೆ ಹಿಡಿಸಿದ್ದನ್ನು ಕೂದಲೆಳೆಯಷ್ಟು ಎತ್ತುತ್ತದೆ, ಹಿಡಿಸದ್ದನ್ನು ಕೂದಲೆಳೆಯಷ್ಟು ಇಳಿಸುತ್ತದೆ. ದಿನಾ ಹೀಗೆ ಮಾಡುತ್ತ ಕೆಲವು ತಿಂಗಳಲ್ಲಿ ನಿಮ್ಮ ರುಚಿಗೆ ತಕ್ಕ ಆಂಪ್ಲಿಫೈಯರ್ ತಾನೇ ಆಗಿಬಿಡುತ್ತದೆ. ನೀವು ಆಡಿದ ಮಾತು ಮನೆ ಬಿಟ್ಟು ಹೋಗುವುದಿಲ್ಲ. ಕೇಳುಗ ಸುಖವಾಗಿದ್ದಾನೋ ಇಲ್ಲವೋ, ಅಷ್ಟು ಮಾತ್ರ ಮೈಸೂರಿಗೆ ಹೋಗುತ್ತದೆ.

ಜನ ಇದಕ್ಕೆ ಒಗ್ಗಿಕೊಂಡ ರೀತಿಯೇ ಒಂದು ತಮಾಷೆ. ನಮ್ಮ ಎದುರು ಮನೆಯಲ್ಲಿ ಸೊಸೆ ಭಾವಗೀತೆ ಹಚ್ಚಿದ ಕೂಡಲೇ ಅತ್ತೆ ಬೇಕಂತಲೇ ಬಂದು ಕೂತು ಆಕಳಿಸುತ್ತಿದ್ದಳು. ಪಾಪದ ಯಂತ್ರ ಹಾಡನ್ನು ತಗ್ಗಿಸುತ್ತಿತ್ತು. ಸೊಸೆಯೂ ಕಡಿಮೆಯವಳಲ್ಲ, ಅತ್ತೆಯ ಭಜನೆಗೆ ಮೂಗು ಮುರಿದು ಕೂಡುವಳು. ಕೊನೆಗೆ ಆ ಮನೆಯಲ್ಲಿ ಎರಡೂ ಹಾಡು ಪಿಸುಮಾತಾದವು.

ಚಂಬಣ್ಣನ ಮನೆಯಲ್ಲಿ ಕೇಳುವವನು ಅವನೊಬ್ಬನೇ. ಅವನ ಹೆಂಡತಿ ನೀಲಾ ವೈನಿ ಹಾಡಿನ ಹೊತ್ತಿನಲ್ಲಿ ಅಡಿಗೆಮನೆಯಲ್ಲಿರುತ್ತಿದ್ದರು. ಹಾಗಾಗಿ ಜಗಳಕ್ಕೆ ಕಾರಣವಿರಲಿಲ್ಲ. ಮೊದಮೊದಲು ಓಣಿ ತುಂಬ ರಸಿಕವನ್ನು ಹೊಗಳಿಕೊಂಡು ತಿರುಗಿದ. ಆಮೇಲೆ ಸುಮ್ಮನಾದ.

"ಏನಾಗೇತಿ ಹೇಳಲೇ," ಎಂದೆ.

"ಹಾಡು ಸಪ್ಪಗಾಗೇತಿ. ಒಂದ ಹಾಡಲ್ಲ, ಎಲ್ಲಾ ಹಾಡು. ಹಾಡಾವ ತಾಳದ ಸಮ್ಮಿಗಿ ಬರ್ತಾನ, ಬಂದ, ಹೋದ. ಎದಿಯಾಗ ಏನೂ ಆಗೂದಿಲ್ಲ. ಕಿವಿ ಹೋದುವು ಅಂತ ತಿಳಕೊಂಡಿದ್ದೆ. ಹೋಗಿದ್ರ ಬೇಷಿತ್ತು, ಮಷಿನ್ ಹಾಕ್ಕೊಂಡ ಇರ್ತಿದ್ದೆ. ಇವತ್ತ ಡಾಕ್ಟರು ಎಲ್ಲಾ ನೋಡಿ, ಹುಡುಗರ ಕಿವಿ ಇದ್ದಂಗ ಅದಾವ್ರೀ ಅಂದ್ರು." ನೆಲ ನೋಡುತ್ತ ಅಂದ: "ಅಣ್ಣಂದೂ ಹಿಂಗ ಶುರು ಆಗಿತ್ತಲ್ಲೋ."

ಅವನ ಅಣ್ಣ ಸಂಗಪ್ಪ ಒಳ್ಳೇ ತಬಲಾ ಬಾರಿಸುತ್ತಿದ್ದ. ಒಂದು ಮಳೆಗಾಲ, "ಹಾಡು ಕೇಳಾಕ ಮನಸಾಗವಲ್ದು" ಅಂದ. ನಾವು ನಕ್ಕೆವು. ಆಮೇಲೆ ಒಬ್ಬೊಬ್ಬರದೇ ಹೆಸರು ಮರೆತ. ಕೊನೆಗೆ ತನ್ನ ಮನೆ ಯಾವುದೆಂದು ಕೇಳಿಕೊಂಡು ಓಣಿಯಲ್ಲಿ ತಿರುಗುತ್ತಿದ್ದವನನ್ನು ಚಂಬಣ್ಣನೇ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದ.

"ಒಮ್ಮೆ ಇದರಾಗ ಕೇಳಿ ನೋಡಲೇ," ಎಂದು ನನ್ನ ವಾಲ್ವಿನ ಕಡೆ ಕೈ ಮಾಡಿದೆ.

"ಇದರಾಗೂ ಸಪ್ಪಗ ಕೇಳಿಸ್ತಂದ್ರ?" ಎಂದು ಅವನು ಎದ್ದುಬಿಟ್ಟ. "ಈಗ ಒಂದೀಟರ ಆಸೆ ಉಳದೈತಿ. ಅದನ್ನೂ ಕಳಕೊಳ್ಳಲೇನು?"

ಸಂಗೀತ ಕಛೇರಿಗಳಿಗೂ ಅವನು ಹೋಗುತ್ತಿರಲಿಲ್ಲವಂತೆ, ಇದೇ ಭಯಕ್ಕೆ. ದಿನಾ ಸಂಜೆ ರಸಿಕದ ಮುಂದೆ ಮಾತ್ರ ಕೂಡುತ್ತಿದ್ದ, ಇವತ್ತಾದರೂ ಹಾಡು ತಿರುಗಿ ಬಂದೀತು ಎಂದು ಬಾಗಿಲು ಕಾಯುವವರಂತೆ.

ಅದೇ ಹೊತ್ತಿಗೆ ಮೈಸೂರಿನಲ್ಲಿ ಆಗುತ್ತಿದ್ದದ್ದೇ ಬೇರೆ. ಇದನ್ನು ನನಗೆ ಹೇಳಿದವಳು ಆ ಕಂಪನಿಯ ಇಂಜಿನಿಯರ್ ತನುಜಾ. ಅವಳ ಬಾಯಿಂದ ಕೇಳಿ ಕೇಳಿ, ಆ ಕೋಣೆಯಲ್ಲಿ ನಾನೂ ಕೂತು ಬಂದಂತೆ ಅನಿಸುತ್ತದೆ.

ಗೋಡೆಯಗಲದ ಪರದೆ. ರಾಜ್ಯದ ಒಂದೊಂದು ರಸಿಕಕ್ಕೂ ಒಂದೊಂದು ದೀಪ. ಹಾಡು ಹಿಡಿಸದ ಮನೆಯ ದೀಪ ಕೆಂಪು, ಹಿಡಿಸಿದ ಮನೆಯದು ಹಸಿರು. ಹೆಚ್ಚಿನ ಮನೆಗಳ ದೀಪಗಳು ಮಿನುಗುತ್ತ, ಬಣ್ಣ ಬದಲಿಸುತ್ತ ಇರುತ್ತವೆ. ಮನುಷ್ಯರಲ್ಲವೇ? ಕೆಲವು ಮಾತ್ರ ಹಸಿರಾಗಿಯೇ ನಿಂತಿದ್ದವು. ಅವುಗಳಲ್ಲೂ ಹುಬ್ಬಳ್ಳಿಯ ಒಂದು ದೀಪ ತಿಂಗಳುಗಟ್ಟಲೆ ಅಲುಗಾಡದೆ ಹಸಿರಾಗಿತ್ತು. ಒಂದು ತಕರಾರಿಲ್ಲ, ಒಂದು ಬೇಸರವಿಲ್ಲ.

"ಇವರೇ ನೋಡಿ ನಮ್ಮ ಅತ್ಯಂತ ತೃಪ್ತ ಕೇಳುಗ," ಎಂದರಂತೆ ಅವಳ ಮೇಲಿನವರಾದ ಅರಸು ಎಂಬವರು. "ಹೋಗಿ ಮಾತಾಡ್ಸಿಕೊಂಡು ಬಾ. ಆ ಮನೇಲಿ ರಸಿಕ ಏನು ಕಲ್ತಿದೆಯೋ ಅದನ್ನ ಎಲ್ಲದಕ್ಕೂ ಕಲಿಸೋಣ."

ಹೀಗೆ ಒಂದು ಭಾನುವಾರ ಮಧ್ಯಾಹ್ನ ತನುಜಾ ಹೂವಿನ ಗುಚ್ಛ ಹಿಡಿದುಕೊಂಡು ಚಂಬಣ್ಣನ ಮನೆ ಬಾಗಿಲಿಗೆ ಬಂದಳು. ನೀಲಾ ವೈನಿ ಗಾಬರಿಯಾಗಿ ನನಗೆ ಫೋನ್ ಮಾಡಿದರು. "ಮುರಿಗೆಪ್ಪಣ್ಣಾರ, ಲಗೂನ ಬರ್ರಿ. ಯಾವುದೋ ಹುಡುಗಿ ಬಂದು ಇವರನ್ನ ಅಭಿನಂದನೆ ಮಾಡ್ತೇನಿ ಅನ್ನಾಕತ್ತೈತಿ. ಇವರು ನೋಡಿದ್ರ ಅಳೂ ಹಂಗ ಕುಂತಾರ."

ನಾನು ಹೋದಾಗ ಹೂಗುಚ್ಛ ಚಂಬಣ್ಣನ ತೊಡೆಯ ಮೇಲಿತ್ತು. ಅವನ ಮುಖ ನೋಡಿದರೆ ಯಾರೋ ಹರಕೆಯ ಕೂಸನ್ನು ಕೈಗಿಟ್ಟು ಹೋದಂತಿತ್ತು.

"ಸರ್, ನಿಮ್ಮಷ್ಟು ಸಂತೋಷವಾಗಿ ಸಂಗೀತ ಕೇಳೋರು ಇಡೀ ಕರ್ನಾಟಕದಲ್ಲೇ ಇಲ್ಲ," ಎನ್ನುತ್ತಿದ್ದಳು ತನುಜಾ. "ಅದರ ಗುಟ್ಟೇನು ಅಂತ ಹೇಳಿದ್ರೆ…"

"ಗುಟ್ಟು ಏನಿಲ್ಲವ್ವಾ," ಎಂದ ಚಂಬಣ್ಣ. "ನನಗ ಹಾಡು ಸತ್ತು ಹೋಗೇತಿ."

ಹುಡುಗಿ ನಗಲೋ ಬೇಡವೋ ತಿಳಿಯದೆ ನಮ್ಮ ಮುಖ ನೋಡಿದಳು. ವೈನಿ ಮೆಲ್ಲಗೆ ಎಲ್ಲ ಹೇಳಿದರು. ಕಿವಿ ಡಾಕ್ಟರು, ಸಂಗಪ್ಪ, ಮುಂದಿನ ವಾರ ತಲೆಯ ಸ್ಕ್ಯಾನು. ಕೇಳುತ್ತ ಕೇಳುತ್ತ ಅವಳ ಮುಖ ಬಾಡಿತು. ಅವಳು ಒಳ್ಳೆಯವಳು, ಹೂವು ತಂದದ್ದಕ್ಕೇ ನಾಚಿಕೊಂಡಳು.

"ಒಂದು ಕೆಲಸ ಮಾಡ್ತೀನಿ ಸರ್," ಎಂದಳು ಸ್ವಲ್ಪ ಯೋಚಿಸಿ. "ನಿಮ್ಮ ರಸಿಕದಲ್ಲಿ ಒಂದು ಹಾಡು ಕೇಳ್ತೀನಿ. ಆಮೇಲೆ ಅದೇ ಹಾಡನ್ನ ಬುದ್ಧಿ ಇಲ್ಲದ ಒಂದು ಆಂಪ್ಲಿಫೈಯರಲ್ಲಿ ಕೇಳ್ತೀನಿ. ಇಲ್ಲಿ ಯಾರ ಹತ್ರನಾದ್ರೂ ಬುದ್ಧಿ ಇಲ್ಲದ್ದು ಇದೆಯಾ?"

ವೈನಿ ನನ್ನ ಕಡೆ ನೋಡಿದರು. ಆ ಸಂಕಟದಲ್ಲೂ ಚಂಬಣ್ಣನ ತುಟಿ ಕೊಂಚ ಅಲುಗಿತು. "ಬುದ್ಧಿ ಇಲ್ಲದ್ದು ಅಂದ್ರ ಇವಂದೇ ಐತಿ ನೋಡವ್ವಾ."

ನಾನು ಹೋಗಿ, ಓಣಿಯೊಳಗಿನ ದಾರಿಯಾದರೂ ಭಾರಕ್ಕಂಜಿ, ಆಟೋದಲ್ಲಿ ನನ್ನ ವಾಲ್ವ್ ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ತಂದೆ. ಕಬ್ಬಿಣದ ಟ್ರಾನ್ಸ್‌ಫಾರ್ಮರುಗಳಿರುವ ಭಾರದ ಪೆಟ್ಟಿಗೆ, ಇಳಿಯುವಾಗ ಸೊಂಟ ಹಿಡಿಯಿತು. ತಂತಿ ಜೋಡಿಸುತ್ತಿರುವುದನ್ನು ಕಂಡು ಚಂಬಣ್ಣ ಎದ್ದ.

"ನೀವು ಕೇಳ್ರಿ. ನಾ ಹೊರಗ ಕಟ್ಟಿ ಮ್ಯಾಲೆ ಕುಂದರ್ತೇನಿ."

"ಒಳಗ ಇರ್ರೀ," ಎಂದರು ವೈನಿ.

"ಬ್ಯಾಡ ನೀಲಾ. ನನ್ನ ಕೈಲೆ ಆಗೂದಿಲ್ಲ." ಹೋಗುವಾಗ ಬಾಗಿಲನ್ನೂ ಎಳೆದುಕೊಂಡು ಹೋದ. ವೈನಿ ಎಂದಿನಂತೆ ಅಡಿಗೆಮನೆಗೆ ಹೋದರು.

ತನುಜಾ ಮೊದಲು ರಸಿಕದಲ್ಲಿ ಹಚ್ಚಿದಳು. ಚಂಬಣ್ಣನ ಪ್ರಾಣವಾಗಿದ್ದ ಒಂದು ಹಳೆಯ ಮೈಫಿಲಿನ ಧ್ವನಿಮುದ್ರಣ. ಸಿಂದಗಿ ಕಡೆಯ ಒಬ್ಬ ನಾಟಕ ಕಂಪನಿಯ ಗಾಯಕ, ರಾಗ ಭೀಮಪಲಾಸಿ. ನಾನು ಅದನ್ನು ಎಷ್ಟು ಸಲ ಕೇಳಿದ್ದೆನೋ. ಈಗ ಕೇಳಿದರೆ ಎಲ್ಲವೂ ಇದೆ, ಏನೂ ಇಲ್ಲ. ಗಾಯಕನ ತಾನ, ಅಂದರೆ ಸ್ವರಗಳ ಓಟ, ಬರುತ್ತದೆ, ತಬಲಾ ಬರುತ್ತದೆ. ಎರಡೂ ಸುತ್ತಿ ಸುತ್ತಿ ಬಂದು ತಾಳದ ಮೊದಲ ಪೆಟ್ಟಿನ ಮೇಲೆ ಒಟ್ಟಿಗೆ ಬೀಳುವ ಜಾಗಕ್ಕೆ ಸಮ್ ಅನ್ನುತ್ತೇವೆ, ಕೇಳುವವನ ಎದೆ ಹಾರುವುದು ಅಲ್ಲೇ. ಆ ಸಮ್ಮನ್ನು ಯಾರೋ ಉಜ್ಜಿ ಉಜ್ಜಿ ನುಣ್ಣಗೆ ಮಾಡಿಬಿಟ್ಟಿದ್ದರು. ದನಿಯ ನಡುಕ ಹೋಗಿತ್ತು. ತಬಲಾದ ಗುಮ್ಮು ಹೋಗಿತ್ತು. ಇಸ್ತ್ರಿ ಮಾಡಿಟ್ಟ ಹಾಡು.

"ಅಯ್ಯ ಶಿವನ," ಎಂದೆ. "ನನಗೂ ಸಪ್ಪಗ ಕೇಳಿಸ್ತೈತಲ್ಲವ್ವಾ!"

"ನನಗೂ," ಎಂದಳು ತನುಜಾ ಮೆಲ್ಲಗೆ. "ಆದ್ರೆ ಇದು ಅವರ ಅಭಿರುಚಿ ಅಲ್ವಾ? ಅವರಿಗೆ ಬೇಕಾದ ಹಾಗೇ ಅಲ್ವಾ ಇದು ಕಲ್ತಿರೋದು?"

ತಂತಿ ಬದಲಿಸಿದೆವು. ನನ್ನ ವಾಲ್ವಿನಲ್ಲಿ ಹಾಡು ಶುರುವಾಯಿತು. ತಂಬೂರಿ ಕೋಣೆಯ ಮೂಲೆಮೂಲೆ ತುಂಬಿತು. ಗಾಯಕ ಒಂದು ಉದ್ದದ ತಾನ ಹಿಡಿದು, ಮೇಲೆ ಹೋಗಿ, ಇನ್ನೇನು ತಪ್ಪಿದ ಅನ್ನುವಾಗ ತಿರುಗಿ, ಸಮ್ಮಿನ ಮೇಲೆ ಬಂದು ಬಿದ್ದ.

"ಏ ನಿನ್ನ ಹೆಣಾ ಎತ್ತ!"

ಹೊರಗಿನ ಕಟ್ಟೆಯಿಂದ ಬಂದ ಕೂಗು ಅದು. ಬಾಗಿಲು ಧಡಾರನೆ ತೆರೆಯಿತು. ಚಂಬಣ್ಣ ಹಣೆ ಚಚ್ಚಿಕೊಳ್ಳುತ್ತ, ಮುಖ ಕಿವುಚಿಕೊಂಡು, ಕಣ್ಣಲ್ಲಿ ನೀರು ಸುರಿಸುತ್ತ ಒಳಗೆ ನುಗ್ಗಿದ. "ಕೊಂದ್ಯಲ್ಲೋ ಪಾಪಿ! ನಿನ್ನ ಬಾಯಾಗ ಮಣ್ಣ ಬೀಳ! ನಿನ್ನ ಗಂಟಲಾ ಸೇದಿಹೋಗ!"

ತನುಜಾ ಚೀರಿಕೊಂಡು ಜಿಗಿದು ಗುಂಡಿ ತಿರುವಿ ದನಿಯನ್ನು ಸಣ್ಣ ಮಾಡಿಬಿಟ್ಟಳು. "ಸಾರಿ ಸರ್, ಸಾರಿ! ಬೇಜಾರ್ ಮಾಡ್ಕೋಬೇಡಿ, ನಿಲ್ಲಿಸಿದೆ, ನಿಲ್ಲಿಸಿದೆ!"

"ಯಾಕ ಸಣ್ಣ ಮಾಡಿದಿ ತಂಗೀ?" ಎಂದರು ವೈನಿ, ಅಡಿಗೆಮನೆಯಿಂದ ಓಡಿ ಬಂದವರು. ಅವರ ಕಣ್ಣಲ್ಲೂ ನೀರಿತ್ತು, ನಗುವೂ ಇತ್ತು. "ಜೋರ್ ಮಾಡ, ಜೋರ್ ಮಾಡ. ಅವರು ಖುಷಿ ಆಗ್ಯಾರ!"

"ಖುಷಿ? ಬೈತಾ ಇದಾರಲ್ಲ ಆಂಟಿ?"

"ಬೈದ್ರ ಖುಷಿ ಆಗ್ಯಾರ ಅಂತನೇ ಲೆಕ್ಕವ್ವಾ. ಚಲೋ ಹಾಡಿದವಂಗ ಬೈಲಾರದ ಹೆಂಗ ಇರ್ತಾರ?"

ನಾನು ಕುಣಿಯುತ್ತಿದ್ದೆ. "ನೋಡಿದ್ಯಾ ಚಂಬ್ಯಾ! ವಾಲ್ವು! ನಾ ಹೇಳಿರಲಿಲ್ಲ? ವಾಲ್ವು ಅಂದ್ರ ವಾಲ್ವು!"

ಆದರೆ ತನುಜಾ ಅಲ್ಲೇ ನಿಂತಿದ್ದಳು. ಕೈ ಇನ್ನೂ ಗುಂಡಿಯ ಮೇಲಿತ್ತು. ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದಳು.

"ವಾಲ್ವಲ್ಲ ಸರ್," ಎಂದಳು. "ನಾನು ಈಗೇನು ಮಾಡಿದೆ? ಅವರು ಬೈದ್ರು, ಹಣೆ ಹೊಡ್ಕೊಂಡ್ರು. ಹಿಂಸೆ ಆಗ್ತಿದೆ ಅಂದ್ಕೊಂಡು ಸೌಂಡ್ ಕಮ್ಮಿ ಮಾಡ್ದೆ. ರಸಿಕ ಒಂದು ವರ್ಷದಿಂದ ದಿನಾ ಇದನ್ನೇ ಮಾಡಿದೆ."

ನಮಗೆ ಒಮ್ಮೆಲೇ ಅರ್ಥವಾಗಲಿಲ್ಲ. ಚಂಬಣ್ಣ ಹುಡುಗನಾಗಿದ್ದಾಗಿನಿಂದ ಹಾಡು ಕೇಳುವುದೇ ಹೀಗೆ. ಹಾಡು ಸಾಧಾರಣವಾಗಿದ್ದರೆ "ಬೇಷ್" ಎಂದು ಮರ್ಯಾದೆಯಿಂದ ಕೂತಿರುತ್ತಾನೆ. ಎದೆಗೆ ತಾಗಿತೋ, ಅಲ್ಲಿಂದ ಬೈಗುಳ ಶುರು. ಅವನೊಬ್ಬನೇ ಅಲ್ಲ, ನಮ್ಮ ಕಡೆಯ ಹಳೇ ಕೇಳುಗರು ಬಹಳ ಜನ ಹಾಗೆ. ಕಛೇರಿಯಲ್ಲಿ ಮುಂದಿನ ಸಾಲಿನಿಂದ "ಸತ್ತನಲ್ಲೋ!" ಅಂತ ಕೂಗು ಬಂದರೆ ಹಾಡುವವನ ಮುಖ ಅರಳುತ್ತದೆ. ಇದು ವಿಶೇಷ ಅಂತ ನಮಗೆ ಯಾವತ್ತೂ ಅನಿಸಿರಲಿಲ್ಲ. ಮೈಸೂರಿನಲ್ಲಿ ರಸಿಕಕ್ಕೆ ಪಾಠ ಹೇಳಿದ್ದು, ಬಾಗಿಲು ಹಾಕಿದ ನಿಶ್ಶಬ್ದ ಕೋಣೆಯಲ್ಲಿ ಕೂತು, ಚೆನ್ನಾಗಿದ್ದರೆ "ಆಹಾ" ಎಂದು ತಲೆದೂಗಿದ ಸಭ್ಯ ಜನ.

ಅಂದರೆ ಆದದ್ದಿಷ್ಟು. ಹಾಡಿನಲ್ಲಿ ಯಾವುದು ಅವನ ಜೀವ ಹಿಂಡುತ್ತಿತ್ತೋ, ಅದೇ ಜಾಗದಲ್ಲಿ ಅವನು ಬೈದ. ಯಂತ್ರ ಕೂದಲೆಳೆಯಷ್ಟು ಕಿತ್ತಿತು. ಮರುದಿನ ಮತ್ತೆ ಬೈದ, ಮತ್ತೆ ಕಿತ್ತಿತು. ಒಡೆಯನಿಗೆ ನೋವಾಗಬಾರದು ಎಂಬ ಭಕ್ತಿಯಿಂದ, ಅವನಿಗೆ ಪ್ರಿಯವಾದದ್ದನ್ನೆಲ್ಲ ಆರಿಸಿ ಆರಿಸಿ ತೆಗೆಯಿತು. ಒಂದು ದಿನ ಬೈಯಲಿಕ್ಕೆ ಏನೂ ಉಳಿಯಲಿಲ್ಲ. ಚಂಬಣ್ಣ ಮೌನವಾದ. ಮೈಸೂರಿನ ಪರದೆಯ ಮೇಲೆ ದೀಪ ಹಸಿರಾಯಿತು.

"ಹಂಗಾರ," ಎಂದ ಚಂಬಣ್ಣ, ಒಂದೊಂದೇ ಮಾತು ಮುಟ್ಟಿ ನೋಡುವವನಂತೆ, "ನನ್ನ ತಲಿ… ನೆಟ್ಟಗೈತಿ?"

"ನಿಮ್ಮ ತಲೆ ನೆಟ್ಟಗಿದೆ ಸರ್. ನಮ್ಮ ಯಂತ್ರದ್ದೇ ಸರಿಯಿಲ್ಲ."

"ಅಣ್ಣನ ದಾರಿ ಅಲ್ಲ ಇದು?"

"ಅಲ್ಲ ಸರ್."

ಅವನು ಕುರ್ಚಿಯಲ್ಲಿ ಕೂತ. ಹೂಗುಚ್ಛದ ಮೇಲೇ ಕೂತ, ಅವನಿಗೆ ಗೊತ್ತಾಗಲಿಲ್ಲ. ವೈನಿ ಹಿಂದೆ ಬಂದು ಅವನ ಹೆಗಲ ಮೇಲೆ ಕೈಯಿಟ್ಟು ನಿಂತರು. ಅವನು ಆ ಕೈಯನ್ನು ಹಿಡಿದುಕೊಂಡ. ಆಮೇಲೆ, "ಹಚ್ಚು ತಂಗೀ, ಮೊದಲಿಂದ ಹಚ್ಚು" ಎಂದ.

ಹಾಡು ಮತ್ತೆ ಮೊದಲಿನಿಂದ ಶುರುವಾಯಿತು. ಅತ್ತ ತನುಜಾ ಪಡಸಾಲೆಯಲ್ಲಿ ನಿಂತು ಫೋನಿನಲ್ಲಿ ಕೂಗುತ್ತಿದ್ದಳು, ಇತ್ತ ಚಂಬಣ್ಣ ಒಳಗೆ.

"ಅರಸು ಸರ್, ಹಸಿರು ದೀಪ ನಂಬಬೇಡಿ! …ಇಲ್ಲ ಸರ್, ಅವರಿಗೆ ಸಂತೋಷ ಆದ್ರೆ ಬೈತಾರೆ. …ಹೌದು, ಹೆಣ ಎತ್ತ ಅಂತಾರೆ. …ಇಲ್ಲ ಸರ್, ನನಗಲ್ಲ, ಹಾಡಿದವರಿಗೆ! …ಅಯ್ಯೋ, ಆ ಕೂಗಾ? ಅದು ಈಗ ಖುಷಿಯಾಗಿರೋದು ಸರ್. …ಬೇರೆ ಹಸಿರು ಮನೆಗಳಿಗೂ ಫೋನ್ ಮಾಡ್ಸಿ. ಚೆನ್ನಾಗಿದೆಯಾ ಅಂತ ಕೇಳಬೇಡಿ. ಮೊದಲಿನಷ್ಟು ಚೆನ್ನಾಗಿದೆಯಾ ಅಂತ ಕೇಳಿ."

ಚಹಾ ಕುಡಿದು ಮುಗಿಯುವುದರೊಳಗೆ ಅತ್ತಲಿಂದ ಫೋನ್ ಬಂತು. ಅಲುಗಾಡದ ಹಸಿರು ದೀಪದ ಮನೆಗಳಲ್ಲಿ ಹಲವರು ಹಾಡು ಕೇಳುವುದನ್ನೇ ಬಿಡುವುದರಲ್ಲಿದ್ದರಂತೆ. ವಯಸ್ಸಾಯಿತು, ಇನ್ನೇನು ಅಂದುಕೊಂಡಿದ್ದರಂತೆ. ಶಿರಾದ ಒಬ್ಬ ಟೀಚರು ಒಂದು ಹಾಡಿನ ಒಂದೇ ಸಾಲಿಗೆ ಪ್ರತಿಸಲ ಅಳುತ್ತಿದ್ದರು. ಅಳುವುದು ದುಃಖವೆಂದು ತಿಳಿದು ಯಂತ್ರ ಆ ಸಾಲಿನ ಬಿಕ್ಕನ್ನೇ ತೆಗೆದುಹಾಕಿತ್ತು. "ಅಳು ಬರೋದು ನಿಂತ್ಹೋಯ್ತು, ನನ್ನ ಮನಸ್ಸು ಕಲ್ಲಾಗಿದೆ ಅಂದ್ಕೊಂಡಿದ್ದೆ" ಎಂದರಂತೆ ಪಾಪ. ವಿಷಯ ತಿಳಿದು ಫೋನಿನಲ್ಲೇ ಅತ್ತರಂತೆ. ಅರಸು ಅವರಿಗೆ ಅದು ಯಾವ ಅಳು ಎಂದು ಕೇಳುವ ಧೈರ್ಯವಾಗಲಿಲ್ಲವಂತೆ.

"ಇನ್ಮೇಲೆ ರಸಿಕ ಊಹೆ ಮಾಡೋದು ಬೇಡ ಅಂತ ಹೇಳಿದೀನಿ," ಎಂದಳು ತನುಜಾ, ಚಹಾದ ಕಪ್ಪು ಕೆಳಗಿಡುತ್ತ. "ಮೊದಲು ಕೇಳುಗರನ್ನ ಕೇಳಿ ಕಲೀಲಿ. ಮತ್ತೆ ಒಂದು ಗುಂಡಿ ಹಾಕ್ತೀವಿ. ತಿರುವಿದ್ರೆ ಬುದ್ಧಿಯೆಲ್ಲ ಬಂದ್. ಸರ್, ನೀವೂ ಒಮ್ಮೆ ಮೈಸೂರಿಗೆ ಬಂದು ಆ ಕೋಣೇಲಿ ಕೂತು ಬೈದುಕೊಡ್ತೀರಾ?"

ಚಂಬಣ್ಣ ನಾಚಿದ. "ಬೈ ಅಂದ್ರ ಬೈಗಳ ಬರ್ತಾವೇನವ್ವಾ? ಹಾಡಿದವ ಬೈಸ್ಕೋಬೇಕು."

ನಾಳೆ ಬಂದು ರಸಿಕದ ಪಾಠವನ್ನೆಲ್ಲ ಅಳಿಸಿ ಕೊಡುವುದಾಗಿ ಹೇಳಿ ಹುಡುಗಿ ಲಾಡ್ಜಿಗೆ ಹೋದಳು. ನಾವಿಬ್ಬರೇ ಉಳಿದೆವು. ಹಾಡು ನಡೆದೇ ಇತ್ತು. ವೈನಿ ಒಳಗೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ನನಗೆ ಗೆದ್ದ ಖುಷಿ ಇನ್ನೂ ಇಳಿದಿರಲಿಲ್ಲ. ಒಂದು ವರ್ಷದ ಮೇಲೆ ನನ್ನ ವಾಲ್ವಿನ ಮುಂದೆ ಅವನು ಕಣ್ಣು ಮುಚ್ಚಿ ಕೂತಿದ್ದಾನೆ!

"ಮುರಿಗ್ಯಾ," ಎಂದ ಕಣ್ಣು ತೆರೆಯದೆ. "ಒಂದ ಮಾತು ಹೇಳ್ತೇನಿ, ಸಿಟ್ಟಿಗೇಳಬ್ಯಾಡ."

"ಹೇಳಲೇ. ಇವತ್ತ ನಿನಗೆಲ್ಲಾ ಮಾಫಿ."

"ನಿನ್ನ ವಾಲ್ವು ಸಿಹಿ ಜಾಸ್ತಿ ಮಾಡ್ತಾವ. ತಂಬೂರಿಗಿ ಬೆಲ್ಲ ಹಚ್ಚಿದಂಗ ಆಗೇತಿ."

ಇವನಿಗೆ ರುಚಿ ಗೊತ್ತಾಗುತ್ತಿದೆ. ಸಪ್ಪೆ, ಸಿಹಿ, ಸುಳ್ಳು, ಎಲ್ಲವೂ. ಜಗಳಕ್ಕೆ ಬರುತ್ತಿದ್ದಾನೆ. ಇವನು ಎಲ್ಲೂ ಹೋಗುವುದಿಲ್ಲ.

"ಬೆಲ್ಲಾ? ನಿನ್ನ ನಾಲಿಗಿಗಿ ಬರೆ ಎಳೀಬೇಕು. ಬ್ಯಾಡಾದ್ರ ಒಯ್ತೇನಿ."

"ಒಯ್ಯಿ. ಯಾರ ಹಿಡದಾರ?"

"ಒಯ್ತೇನಲೇ, ಈಗೇ ಒಯ್ತೇನಿ!"

ಎದ್ದು ಹೋಗಿ ಸ್ವಿಚ್ಚು ಆರಿಸಿದೆ. ವಾಲ್ವ್ ಆಂಪ್ಲಿಫೈಯರು ಟಕ್ಕನೆ ಸಾಯುವುದಿಲ್ಲ. ಒಳಗಿನ ಕೆಪಾಸಿಟರುಗಳಲ್ಲಿ ತುಂಬಿಕೊಂಡ ಕರೆಂಟು ಬಸಿದುಹೋಗುವ ತನಕ ಹಾಡು ತೆಳ್ಳಗಾಗುತ್ತ, ದೂರವಾಗುತ್ತ, ಇನ್ನೂ ಸ್ವಲ್ಪ ಹೊತ್ತು ಉಳಿದಿರುತ್ತದೆ. ಗಾಯಕ ತಾನ ಹಿಡಿದು ಸಮ್ಮಿನ ಹತ್ತಿರ ಬಂದಿದ್ದ. ಮುಟ್ಟುವ ಮೊದಲೇ ಅವನ ದನಿ ಕರಗಿಹೋಯಿತು. ಅಡಿಗೆಮನೆಯಿಂದ ನೀಲಾ ವೈನಿ, ಸೊಪ್ಪು ಬಿಡಿಸುವುದನ್ನು ನಿಲ್ಲಿಸದೆ, ಬಿಟ್ಟ ಎಳೆಯನ್ನು ತಮ್ಮ ಗಂಟಲಲ್ಲಿ ಎತ್ತಿಕೊಂಡು, ಒಂದು ಸುತ್ತು ತಿರುಗಿಸಿ, ತಂದು ಸಮ್ಮಿನ ಮೇಲೆ ಇಳಿಸಿದರು.

ಚಂಬಣ್ಣ ಪಟ್ಟನೆ ಹಣೆಗೆ ಹೊಡೆದುಕೊಂಡ.